ಪಾತ್ರೆ-ಪಡಗ ಹೊತ್ತ ಗ್ರೀಟ್ ಮತ್ತು ನಮ್ಮ ಚೀಟಿಗಳು

ನಮ್ಮ ಸಂಘದ ಶನಿವಾರದ ಕೂಟಕ್ಕೆ ಹತ್ತು-ಹನ್ನೆರಡು ಜನ ಬಂದರೆ ಅದೇ ಜಾಸ್ತಿ. ಇಂಟರ್ನಲ್ಸ್ ಮುಗಿದ ವಾರ ಅಂತಲೋ, ಪೋಸ್ಟರಿನಲ್ಲಿ ‘ಬೋಂಡಾ ಉಂಟು’ ಎಂದು ಬರೆದಿದ್ದಕ್ಕೋ, ಈ ಸಲ ಸೆಮಿನಾರ್ ಹಾಲ್ ಅರ್ಧ ತುಂಬಿತ್ತು. ಪಾಠದ ವಿಷಯ ‘ಚಿತ್ರ ಓದುವುದು ಹೇಗೆ’. ಮಾಡಿದ್ದಿಷ್ಟೇ: ಪರದೆ ಮೇಲೆ ಒಂದು ಹಳೆಯ ಚಿತ್ರ ಹಾಕಿದೆವು. ಯಾರು ಬರೆದದ್ದು, ಯಾವ ದೇಶ, ಯಾವ ಕಾಲ ಏನನ್ನೂ ಹೇಳಲಿಲ್ಲ. ನೋಡಿದ ಕೂಡಲೇ ತಲೆಗೆ ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಹೆಸರು ಬರೆಯೋದು ಬೇಡ. ಐದು ನಿಮಿಷ ಟೈಮ್.

ಚಿತ್ರ ಹೀಗಿದೆ. ಆಕಾಶವೆಲ್ಲ ಕೆಂಪು, ಎಲ್ಲೆಲ್ಲೂ ಬೆಂಕಿ, ಹೊಗೆ. ನಟ್ಟನಡುವೆ, ಮಿಕ್ಕವರಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಒಬ್ಬ ಹೆಂಗಸು ದಾಪುಗಾಲು ಹಾಕಿಕೊಂಡು ಹೋಗ್ತಿದ್ದಾಳೆ. ಎದೆಗೆ ಕವಚ, ತಲೆಗೆ ಕಬ್ಬಿಣದ ಟೊಪ್ಪಿ, ಬಲಗೈಯಲ್ಲಿ ಕತ್ತಿ. ಇನ್ನೊಂದು ಕಂಕುಳಲ್ಲಿ ಒಂದು ಪೆಟ್ಟಿಗೆ, ಮಡಿಲ ತುಂಬ, ಬುಟ್ಟಿ ತುಂಬ ಮನೆ ಸಾಮಾನು, ಒಂದು ಬಾಣಲೆ ಕೂಡ. ಬಾಯಿ ತೆರೆದಿದೆ, ಕೂದಲು ಕೆದರಿದೆ. ಅವಳ ಹಿಂದೆ ಒಂದಷ್ಟು ಹೆಂಗಸರ ಗುಂಪು ಸಿಕ್ಕ ಸಿಕ್ಕ ಭೂತ-ಪಿಶಾಚಿಗಳನ್ನು ಬಡಿಯುತ್ತಾ ಮನೆಯೊಂದನ್ನು ದೋಚುತ್ತಿದೆ. ಮನೆಯ ಸೂರಿನ ಮೇಲೆ ಕೂತ ಒಬ್ಬ ದೈತ್ಯ ಹೆಗಲ ಮೇಲೆ ದೋಣಿ ಹೊತ್ತಿದ್ದಾನೆ. ಅವನ ಹಿಂಭಾಗ ಒಡೆದ ಮೊಟ್ಟೆಯ ಹಾಗಿದೆ, ಅದರೊಳಗಿಂದ ಉದ್ದನೆಯ ಸೌಟಿನಲ್ಲಿ ನಾಣ್ಯ ತೆಗೆದು ಕೆಳಗೆ ಸುರೀತಿದ್ದಾನೆ. (ಇದನ್ನು ನಾವು ಕಟ್ಟಿ ಹೇಳ್ತಿಲ್ಲ, ಚಿತ್ರ ನೋಡಿ ಬೇಕಾದರೆ.) ಎಡತುದಿಯಲ್ಲಿ ಕಣ್ಣು ಬಿಟ್ಟುಕೊಂಡ ಒಂದು ದೊಡ್ಡ ಮುಖ, ಅದರ ತೆರೆದ ಬಾಯಿ.

ಡಬ್ಬಿ ಬಿಚ್ಚಿ ಚೀಟಿ ಓದುವಾಗ ಹಾಲ್ ಬಿದ್ದು ಬಿದ್ದು ನಕ್ಕಿತು. ಕೆಲವನ್ನು ಇಲ್ಲಿ ಕೊಡ್ತೀವಿ.

‘ಸಂಜೆ ಐದರೊಳಗೆ ಹಾಸ್ಟೆಲ್ ರೂಮು ಖಾಲಿ ಮಾಡಿ ಅಂತ ವಾರ್ಡನ್ ನೋಟಿಸ್ ಹಾಕಿದಾಗ.’

‘ಊರಿಂದ ವಾಪಸ್ ಬರುವಾಗ ಅಮ್ಮ ಕಟ್ಟಿಕೊಟ್ಟ ಲಗೇಜು. ಕತ್ತಿ ಯಾಕಂದ್ರೆ ಬಸ್ಸಲ್ಲಿ ಉಪ್ಪಿನಕಾಯಿ ಡಬ್ಬಿ ಮೇಲೆ ಯಾರೂ ಕೂರಬಾರದು.’

‘ಕಂಡಕ್ಟರ್: ಅಮ್ಮಾ, ಬಾಣಲೆಗೂ ಲಗೇಜ್ ಟಿಕೆಟ್ ತಗೋಬೇಕು. ಅಮ್ಮ: ಕತ್ತಿ ಕಾಣಿಸ್ತಾ ಇದೆಯಾ ಮಗನೇ?’

‘ಹಳೇ ಪಾತ್ರೆ ಎಕ್ಸ್‌ಚೇಂಜ್ ಮೇಳ, ಕೊನೇ ದಿನ.’

‘ಅತ್ತೆ ಜೊತೆ ಜಗಳ ಆಡಿ ತವರಿಗೆ ಹೊರಟ ಸೊಸೆ. ತಂದ ವರದಕ್ಷಿಣೆ ಪಾತ್ರೆ ಎಲ್ಲ ವಾಪಸ್.’

ಎಡಗಡೆಯ ತೆರೆದ ಬಾಯಿಗೆ ‘ನಮ್ಮ ಮೆಸ್’ ಅಂತ ಮೂವರು ಬರೆದಿದ್ದರು. ನಾಣ್ಯ ಸುರಿಯುವ ದೈತ್ಯನಿಗೆ ‘ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆದ ಕ್ಷಣ’ ಎಂಬ ಚೀಟಿಗೆ ಅತಿ ಹೆಚ್ಚು ಚಪ್ಪಾಳೆ.

ಎಲ್ಲ ಓದಿ ಮುಗಿದ ಮೇಲೆ ಇನ್ಫರ್ಮೇಶನ್ ಸೈನ್ಸ್‌ನ ನಮ್ಮ ಗೆಳತಿಯೊಬ್ಬಳು ಎದ್ದು ಬಂದು ಚೀಟಿಗಳನ್ನು ಎರಡು ಗುಡ್ಡೆ ಮಾಡಿದಳು. ದೊಡ್ಡ ಗುಡ್ಡೆಯಲ್ಲಿದ್ದದ್ದು ಅಮ್ಮ, ಅತ್ತೆ, ಹೆಂಡತಿ, ಪಕ್ಕದ್ಮನೆ ಆಂಟಿ. ‘ಬೆಂಕಿ ಬಗ್ಗೆ ಒಬ್ರೂ ಬರೆದಿಲ್ಲ, ಗಮನಿಸಿದ್ರಾ?’ ಅಂದಳು. ನಾವು ಗಮನಿಸಿರಲಿಲ್ಲ. ಪಾಠ ನಿಜವಾಗಿ ಶುರುವಾಗಿದ್ದು ಅಲ್ಲಿಂದ.

ಈಗ ಚಿತ್ರದ ಜಾತಕ. ಬರೆದವನು ಪೀಟರ್ ಬ್ರೂಗೆಲ್, ಈಗಿನ ಬೆಲ್ಜಿಯಂ ಪ್ರದೇಶದವನು. ಹೆಸರು ‘ಡುಲ್ಲೆ ಗ್ರೀಟ್’, ಅಂದರೆ ಹುಚ್ಚು ಗ್ರೀಟ್, ಸಿಟ್ಟಿನ ಗ್ರೀಟ್ ಎಂದೂ ಆಗುತ್ತೆ. ಮರದ ಹಲಗೆಯ ಮೇಲೆ ಎಣ್ಣೆ ಬಣ್ಣ. ಎತ್ತರ ಸುಮಾರು 117 ಸೆಂ.ಮೀ., ಅಗಲ 162 ಸೆಂ.ಮೀ. ಆಂಟ್‌ವರ್ಪ್‌ನ ಮೇಯರ್ ವಾನ್ ಡೆನ್ ಬರ್ಗ್ ಮ್ಯೂಸಿಯಂನಲ್ಲಿದೆ. ಬಹಳ ಕಾಲ ಇದನ್ನು 1561 ಅಥವಾ 1562ರದ್ದು ಅಂದುಕೊಂಡಿದ್ದರು. 2017-18ರಲ್ಲಿ ಬ್ರಸೆಲ್ಸ್‌ನಲ್ಲಿ ಹಳದಿಗಟ್ಟಿದ ವಾರ್ನಿಶ್ ತೆಗೆದು ಸ್ವಚ್ಛ ಮಾಡಿದಾಗ 1563 ಎಂಬುದು ಖಚಿತವಾಯಿತು. ಬ್ರೂಗೆಲ್ ಮದುವೆಯಾಗಿ ಆಂಟ್‌ವರ್ಪ್‌ನಿಂದ ಬ್ರಸೆಲ್ಸ್‌ಗೆ ಮನೆ ಬದಲಿಸಿದ್ದೂ ಅದೇ 1563ರಲ್ಲಿ. ಅವನೂ ಆ ವರ್ಷ ಒಂದಷ್ಟು ಪಾತ್ರೆ ಹೊತ್ತಿರಬೇಕು ಅಂತ ನಮ್ಮ ಊಹೆ, ಇದಕ್ಕೆ ಮಾರ್ಕ್ಸ್ ಇಲ್ಲ.

ಎಡಗಡೆಯ ಬಾಯಿ ಮೆಸ್ ಅಲ್ಲ, ನರಕ. ಯುರೋಪಿನ ಹಳೆಯ ಚಿತ್ರಗಳಲ್ಲಿ ನರಕದ ಬಾಗಿಲನ್ನು ಹೀಗೆ ದೈತ್ಯ ಪ್ರಾಣಿಯ ತೆರೆದ ಬಾಯಿಯಾಗಿಯೇ ಬರೆಯೋ ಪದ್ಧತಿ ಇತ್ತು. ಆ ಸೀಮೆಯಲ್ಲೊಂದು ಗಾದೆಯೂ ಇತ್ತು: ಗಟ್ಟಿಗಿತ್ತಿ ಹೆಂಗಸಾದರೆ ನರಕದ ಮುಂದೆಯೇ ಲೂಟಿ ಹೊಡೆದು, ಒಂದು ಗೀರೂ ಇಲ್ಲದೆ ವಾಪಸ್ ಬರ್ತಾಳೆ ಅನ್ನೋ ಅರ್ಥದ್ದು. ಹಿಂದಿನ ಗುಂಪಿನಲ್ಲಿ ಹೆಂಗಸರು ಪಿಶಾಚಿಗಳನ್ನು ದಿಂಬಿಗೆ ಕಟ್ಟಿಹಾಕ್ತಿರೋದೂ ಗಾದೆಯೇ. ಬ್ರೂಗೆಲ್ 1559ರಲ್ಲಿ ಬರೆದ ಗಾದೆಗಳ ದೊಡ್ಡ ಚಿತ್ರದಲ್ಲೂ ದೆವ್ವವನ್ನು ದಿಂಬಿಗೆ ಕಟ್ಟುವ ಹೆಂಗಸಿದ್ದಾಳೆ. ಗ್ರೀಟ್ ಅಂದರೆ ಮಾರ್ಗರೆಟ್‌ನ ಮೊಟಕು ರೂಪ. ಬಾಯಿಜೋರಿನ ಹೆಣ್ಣಿಗೆ ಆಗ ಬಳಸುತ್ತಿದ್ದ ಅಡ್ಡಹೆಸರು. ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ಒಂದು ವಿಷಯ: ಗೆಂಟ್ ನಗರದಲ್ಲಿ 15ನೇ ಶತಮಾನದ ಒಂದು ಫಿರಂಗಿ ಇಂದಿಗೂ ರಸ್ತೆ ಬದಿ ನಿಂತಿದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಪೀಪಾಯಿಗೆ ಹಾಕಿದ ಹಾಗೆ ಬಳೆ ಬಿಗಿದು ಮಾಡಿದ್ದು, ಸುಮಾರು 5 ಮೀಟರ್ ಉದ್ದ, 12 ಟನ್‌ಗೂ ಹೆಚ್ಚು ತೂಕ. ಅದರ ಹೆಸರೂ ಡುಲ್ಲೆ ಗ್ರೀಟ್. ಜೋರಾಗಿ ಸದ್ದು ಮಾಡೋದಕ್ಕೆಲ್ಲ ಹೆಣ್ಣಿನ ಹೆಸರು ಇಡೋ ಚಟ ಹೊಸದಲ್ಲ.

ಅಂದರೆ ನಮ್ಮ ದೊಡ್ಡ ಗುಡ್ಡೆಯ ಜೋಕು ನಮ್ಮದಲ್ಲವೇ ಅಲ್ಲ. 1604ರಲ್ಲಿ ಚಿತ್ರಕಾರರ ಚರಿತ್ರೆ ಬರೆದ ಕಾರೆಲ್ ವಾನ್ ಮಾಂಡರ್ ಕೂಡ ಈ ಚಿತ್ರವನ್ನು ನರಕದ ಮುಂದೆ ದೋಚುವ, ವಿಚಿತ್ರ ವೇಷದ ಹೆಂಗಸು ಅಂತಲೇ ಗುರುತಿಸಿದ್ದ. ಹೆಂಗಸು, ಸಾಮಾನು, ರೇಗಾಟ: ಹಾಗಾದರೆ ನಗು. ನಾನೂರೈವತ್ತು ವರ್ಷದ ಹಳೆಯ ಜೋಕನ್ನು ನಾವು ಇಂಗ್ಲಿಷೂ ಡಚ್ಚೂ ಬೇಡದೆ, ಬೋಂಡಾ ತಿನ್ನುತ್ತಾ ಹೊಸದಾಗಿ ಕಂಡುಹಿಡಿದಿದ್ದೆವು.

ಹಾಗಂತ ನಕ್ಕಿದ್ದು ತಪ್ಪು ಅಂತ ನಾವು ಹೇಳ್ತಿಲ್ಲ. ಬ್ರೂಗೆಲ್ ನಗಿಸೋಕೇ ಬರೆದಿದ್ದಾನೆ, ಇಲ್ಲದಿದ್ದರೆ ಒಡೆದ ಮೊಟ್ಟೆಯ ಹಿಂಭಾಗ ಯಾಕೆ? ಆದರೆ ಚಿತ್ರ ಓದೋವಾಗ ಮೊದಲ ನಗುವಿನ ಹತ್ತಿರ ಒಂದು ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳಬೇಕು. ನಕ್ಕಿದ್ದು ಚಿತ್ರದಲ್ಲಿರೋದಕ್ಕಾ, ನಮ್ಮ ತಲೆಯಲ್ಲಿ ಮೊದಲೇ ಇದ್ದದ್ದಕ್ಕಾ?

ಎರಡನೇ ಸುತ್ತಿನಲ್ಲಿ ಒಂದೇ ಪ್ರಶ್ನೆ ಇಟ್ಟೆವು: ಈ ಸಾಮಾನು ಯಾರದು? ಕದ್ದದ್ದೋ, ಅವಳದೇ ಮನೆಯದ್ದೋ? ಅರ್ಧ ಗಂಟೆ ಜಗಳ ಆಯ್ತು. ಲೂಟಿ ಅನ್ನೋರು ಪೆಟ್ಟಿಗೆ ತೋರಿಸಿದರು. ಅಲ್ಲ ಅನ್ನೋರು, ಊರಿಗೇ ಬೆಂಕಿ ಬಿದ್ದಾಗ ದುಡ್ಡಿನ ಪೆಟ್ಟಿಗೆ ಬಿಟ್ಟು ಯಾರು ಓಡ್ತಾರೆ ಅಂದರು. ಬಾಣಲೆ ಯಾಕೆ? ನಾಳೆ ಅಡುಗೆ ಆಗಬೇಕಲ್ಲ. ನಿಜ ಹೇಳಬೇಕೆಂದರೆ ಸಾಮಾನು ನೋಡಿ ಏನೂ ಗೊತ್ತಾಗಲ್ಲ. ಕಳ್ಳನ ಗಂಟು, ಮನೆ ಕಳಕೊಂಡವನ ಗಂಟು ಎರಡೂ ಹೊರಗಿನಿಂದ ಒಂದೇ ಥರ.

ಆಗ ಹಿಂದಿನ ಸಾಲಿನ ಸಿವಿಲ್‌ನ ಹುಡುಗ, ಬಾಗಲಕೋಟೆಯವನು, ಮಾತಾಡಿದ. ‘ಮುಳುಗಡಿ ಆದಾಗ ನಮ್ಮ ಅಜ್ಜಿ ಹಿಂಗ ಹೊತ್ಕೊಂಡು ಬಂದಾಳ. ಭಾಂಡೆ-ಸಾಮಾನು ಅಷ್ಟ ಅಲ್ಲ, ಬಾಗಿಲ ಚೌಕಟ್ಟು ಸೈತ ಕಿತ್ತಿಸ್ಕೊಂಡು ಬಂದಾಳ. ನೋಡಿದವರು ನಕ್ಕಿದ್ರಂತ. ಮನೀನ ಇಲ್ಲ, ಬಾಗಿಲ ಎಲ್ಲಿ ಹಚ್ಚತೀ ಅಂತ.’ ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಹಳೆ ಊರಿನ ಭಾಗ ಹೋದದ್ದು, ನವನಗರ ಎದ್ದದ್ದು ನಮಗೆಲ್ಲ ಗೊತ್ತಿತ್ತು; ಅಣೆಕಟ್ಟಿನ ಬಗ್ಗೆ ಪ್ರೆಸೆಂಟೇಶನ್ ಕೊಟ್ಟವರೂ ನಮ್ಮಲ್ಲಿದ್ದರು. ಚೌಕಟ್ಟಿನ ವಿಷಯ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಹಾಲ್ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಅವನೇ, ‘ಆದ್ರ ನಮ್ಮ ಅಜ್ಜಿ ನೀರು ಬಿಟ್ಟು ಈ ಕಡೆ ಬಂದ್ಳು. ಈಕಿ ಎಲ್ಲಿಗೆ ಹೊಂಟಾಳ?’ ಅಂದ.

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ವೆಕ್ಟರ್ ಅಂದರೆ ಪ್ರಮಾಣ ಮತ್ತು ದಿಕ್ಕು ಅಂತ ಮೊದಲ ಸೆಮಿಸ್ಟರಿನಿಂದ ಉರು ಹೊಡೀತೀವಿ. ಹೊರೆ ಎಷ್ಟು ಅಂತ ನೋಡಿದೆವು, ದಿಕ್ಕು ನೋಡಲಿಲ್ಲ. ಬೆಂಕಿಯಿಂದ ತಪ್ಪಿಸಿಕೊಳ್ಳೋಳು ಬೆಂಕಿಗೆ ಬೆನ್ನು ಹಾಕಿ ಓಡಬೇಕು. ಗ್ರೀಟ್ ಎಡಕ್ಕೆ, ಸೀದಾ ನರಕದ ಬಾಯಿಯ ಕಡೆಗೆ ನಡೀತಿದ್ದಾಳೆ, ಕತ್ತಿ ಮುಂದೆ ಚಾಚಿಕೊಂಡು. ಕಣ್ಣು ಸಾಮಾನಿನ ಮೇಲಿಲ್ಲ. ಗಳಿಸಿದ್ದನ್ನು ಕಾಪಾಡೋ ಕಳ್ಳಿಯ ನಡಿಗೆಯಂತೂ ಇದಲ್ಲ.

ಇಂಗ್ಲೆಂಡಿನ ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ 1982ರ ‘ಟಾಪ್ ಗರ್ಲ್ಸ್’ ನಾಟಕದಲ್ಲಿ ಇದೇ ಗ್ರೀಟಳನ್ನು ಒಂದು ಊಟದ ಮೇಜಿಗೆ ಕರೆದು ಕೂರಿಸಿದ್ದಾರೆ. ಬೇರೆ ಬೇರೆ ಕಾಲದ ಹೆಂಗಸರು ಕತೆ ಹೇಳ್ತಿರ್ತಾರೆ. ಗ್ರೀಟ್ ಮಾತ್ರ ಬಹಳ ಹೊತ್ತು ಒಂದೊಂದೇ ಪದ ಆಡ್ತಾ ತಿಂತಿರ್ತಾಳೆ. ಪ್ರೇಕ್ಷಕರು ನಗ್ತಾರೆ. ಕೊನೆಗೆ ಬಾಯಿ ಬಿಟ್ಟಾಗ ತಿಳಿಯೋದು: ಸೈನಿಕರು ಅವಳ ಮಕ್ಕಳನ್ನು ಕೊಂದಿದ್ದಾರೆ, ಸಾಕಪ್ಪಾ ಅನ್ನಿಸಿ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರ್ಕೊಂಡು ಆ ದೆವ್ವಗಳಿಗೆ ಬಾರಿಸೋಕೆ ನರಕಕ್ಕೇ ನುಗ್ಗಿದ್ದಾಳೆ. ಬ್ರೂಗೆಲ್ ಮನಸ್ಸಿನಲ್ಲಿ ಇದಿತ್ತು ಅನ್ನೋಕೆ ಆಧಾರ ಇಲ್ಲ. ಚರ್ಚಿಲ್ ಅದೇ ಚಿತ್ರ, ಅದೇ ಕತ್ತಿ, ಅದೇ ನರಕ ಇಟ್ಟುಕೊಂಡು ಹೆಂಗಸಿಗೆ ಒಂದು ಕಾರಣ ಕೊಟ್ಟರು, ಅಷ್ಟೇ. ನಮ್ಮ ಚೀಟಿಗಳಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ.

ಇನ್ನೊಂದು ತಮಾಷೆ ಹೇಳದೆ ಇರೋಕಾಗಲ್ಲ. ಲೂಟಿಯ ಈ ಚಿತ್ರವನ್ನೇ ಲೂಟಿ ಮಾಡಿದ್ದಾರೆ! ಪ್ರಾಗ್‌ನಲ್ಲಿ ಎರಡನೇ ರುಡಾಲ್ಫ್ ಚಕ್ರವರ್ತಿಯ ಸಂಗ್ರಹದಲ್ಲಿತ್ತು. 1648ರಲ್ಲಿ ಸ್ವೀಡನ್ನಿನ ಸೈನ್ಯ ನುಗ್ಗಿ ಹೊತ್ತುಕೊಂಡು ಹೋಯಿತು. 19ನೇ ಶತಮಾನದ ಕೊನೆಗೆ ಕಲೋನ್‌ನ ಒಂದು ಹರಾಜಿನಲ್ಲಿ, ಯಾರೂ ಮೂಸಿ ನೋಡದಿದ್ದಾಗ, ಫ್ರಿಟ್ಸ್ ಮೇಯರ್ ವಾನ್ ಡೆನ್ ಬರ್ಗ್ ಎಂಬ ಸಂಗ್ರಾಹಕ ಚಿಲ್ಲರೆ ಕಾಸಿಗೆ ಕೊಂಡ. ಆ ಸೈನಿಕರು ಗಾಡಿಗೆ ಹಲಗೆ ಹೇರುವಾಗ ಅವರನ್ನು ನೋಡಿ ಯಾರೂ ಜೋಕು ಮಾಡಿದಂತಿಲ್ಲ. ಅವರನ್ನು ಚರಿತ್ರೆಯಲ್ಲಿ ಸೈನ್ಯ ಅಂತಾರೆ, ಹುಚ್ಚರು ಅನ್ನಲ್ಲ.

ಕೂಟ ಮುಗಿಯೋ ಹೊತ್ತಿಗೆ, ಬೇಕಾದವರು ಇನ್ನೊಂದು ಚೀಟಿ ಬರೀಬಹುದು ಅಂದೆವು. ಬೋಂಡಾ ಖಾಲಿಯಾಗಿದ್ದರಿಂದ ಅರ್ಧ ಜನ ಎದ್ದಾಗಿತ್ತು. ಒಂಬತ್ತು ಚೀಟಿ ಬಂದವು. ಎರಡರಲ್ಲಿ ಮತ್ತದೇ ಮೆಸ್. ಒಂದರಲ್ಲಿ ‘ಕಂಡಕ್ಟರ್: ಅಮ್ಮಾ, ಈ ಬಸ್ಸು ನರಕಕ್ಕೆ ಹೋಗತ್ತೆ. ಅಮ್ಮ: ಗೊತ್ತು, ಅಲ್ಲೇ ಇಳಿಸು’ ಅಂತಿತ್ತು. ಅಕ್ಷರ ನೋಡಿದರೆ ಮೊದಲ ಸುತ್ತಿನ ಕಂಡಕ್ಟರ್ ಜೋಕು ಬರೆದವನದ್ದೇ ಕೈ. ಅದನ್ನು ನೋಟಿಸ್ ಬೋರ್ಡಿನಲ್ಲಿ ಚಿತ್ರದ ಪಕ್ಕ ಪಿನ್ ಮಾಡಿದ್ದೀವಿ, ಕ್ಯಾಂಟೀನ್ ಕಡೆ ಹೋಗುವಾಗ ನೋಡಿ.