ಕೊಳವೆ ಬಾವಿಯ ನೀರು, ಮಕ್ಕಳ ಹಲ್ಲು

ನೀರು ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯೂ ಚೆನ್ನಾಗಿದೆ. ಹಾಗಾಗಿ ಕುಡಿಯಲು ಯೋಗ್ಯ ಎಂದುಕೊಳ್ಳುತ್ತೇವೆ. ಫ್ಲೋರೈಡ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ಗದಗ ಮೊದಲಾದ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಮೂಡಿದ ಮಕ್ಕಳನ್ನು ನೀವು ಕಂಡಿರಬಹುದು. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಅವರನ್ನು ಗದರುವುದುಂಟು. ಪಾಪ, ಎಷ್ಟು ಉಜ್ಜಿದರೂ ಅದು ಹೋಗದು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಬಿದ್ದ ಕಲೆ ಅದು.

ಈ ಫ್ಲೋರೈಡ್ ಬಹುಮಟ್ಟಿಗೆ ಬರುವುದು ಕಾರ್ಖಾನೆಯಿಂದಲ್ಲ, ಬಂಡೆಯಿಂದ. ಭೂರಸಾಯನ ವಿಜ್ಞಾನಿಗಳು ಬಾವಿಯ ನೀರಿನ ಜೊತೆಗೆ ಆ ಪ್ರದೇಶದ ಕಲ್ಲನ್ನೂ ಪರೀಕ್ಷಿಸಿ ಇದನ್ನು ಕಂಡುಕೊಂಡಿದ್ದಾರೆ. ಅವರು ನೀರು ಹಿಡಿಯುವ ಕ್ರಮ ನಮ್ಮ ರಕ್ತಪರೀಕ್ಷೆಯಷ್ಟೇ ಕಟ್ಟುನಿಟ್ಟು. ಕೊಳವೆಯಲ್ಲಿ ನಿಂತ ಹಳೆಯ ನೀರು ಹೋಗುವವರೆಗೆ ಪಂಪು ಓಡಿಸಿ, ಆಮೇಲೆ ಬಂದದ್ದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬುತ್ತಾರೆ. ಗಾಜಿನ ಬಾಟಲಿ ಬಳಸುವುದಿಲ್ಲ. ಫ್ಲೋರೈಡ್ ಗಾಜಿನೊಡನೆ ಕೂಡಿಕೊಂಡು ಲೆಕ್ಕ ತಪ್ಪೀತು.

ನಮ್ಮ ಗ್ರಾನೈಟ್, ನೈಸ್ ಶಿಲೆಗಳಲ್ಲಿರುವ ಕಪ್ಪು ಅಭ್ರಕ, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಂಡೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಾಗ ಅದು ಕರಗಿ ಸೇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಮಿತಿ ಮೀರಿ ಏರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿದ್ದರೆ ಏರುತ್ತದೆ. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ ಎಂದು ಗೃಹಿಣಿಯರು ಮೆಚ್ಚುವ ಮೆದು ನೀರಿನಲ್ಲೇ ಕೆಲವೊಮ್ಮೆ ಈ ಅಪಾಯ ಹೆಚ್ಚು. ಬಿರುಕುಗಳು ಒಂದೊಂದು ಕಡೆ ಒಂದೊಂದು ಥರ. ಆದ್ದರಿಂದ ಪಕ್ಕದ ಹೊಲದ ಬಾವಿಯ ವರದಿ ನೋಡಿ ನಿಮ್ಮ ಬಾವಿಯನ್ನು ನಂಬಬೇಡಿ. ಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಇದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ತುಂಬಿ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ವಯಸ್ಸಾಯಿತು, ವಾಯು ಎಂದು ನೋವಿನ ಮಾತ್ರೆ ನುಂಗುತ್ತಾ ಕೂರುವವರು ಮೊದಲು ನೀರನ್ನು ಪರೀಕ್ಷೆ ಮಾಡಿಸಲಿ.

‘ಕುದಿಸಿ ಕುಡಿಯುತ್ತೇವೆ ಡಾಕ್ಟ್ರೇ’ ಎನ್ನುವವರು ಅನೇಕರು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ. ಆರ್‌ಒ ಯಂತ್ರ ಇದನ್ನು ಬಹುಪಾಲು ತೆಗೆಯುತ್ತದೆ. ಶುಚಿಯಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಸೇರಿರುವುದಿಲ್ಲ. ಅದನ್ನು ಕುದಿಸಿ ಬಳಸಬಹುದು. ಒಳ್ಳೆಯ ನೀರು ಸ್ವಲ್ಪವೇ ಸಿಗುವುದಾದರೆ ಅದನ್ನು ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ ಕುಡಿಯಲು, ಹಸುಗೂಸಿನ ಹಾಲಿನ ಪುಡಿ ಕಲಸಲು, ಅಡುಗೆಗೆ ಮೀಸಲಿಡಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಾವಿಯ ನೀರೇ ಸಾಕು.