ಮೊದಲು ಪ್ರಾರ್ಥನೆ, ಆಮೇಲೆ ಸಿದ್ಧಾಂತ

ಪ್ರೀತಿಯ ತಮ್ಮ,

ದೇವರು ಒಬ್ಬನೇ ಎನ್ನುತ್ತೀರಿ, ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನೂ ಹೇಳುತ್ತೀರಿ, ಇದು ಯಾವ ಲೆಕ್ಕ ಎಂದು ಗೆಳೆಯರು ಯಾರಾದರೂ ಕೇಳಿದರೆ ನಿನ್ನ ವಯಸ್ಸಿನವರು ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ಕೊಟ್ಟು ಪಾರಾಗಲು ನೋಡುತ್ತಾರೆ. ದಯವಿಟ್ಟು ಅದನ್ನು ಬಿಟ್ಟುಬಿಡು. ಒಬ್ಬ ದೇವರೇ ಒಂದಾದ ಮೇಲೊಂದು ಮೂರು ರೂಪ ತಾಳುತ್ತಾನೆ ಎಂಬ ವಾದ ಮೂರನೆಯ ಶತಮಾನದಲ್ಲೇ ಸಬೆಲ್ಲಿಯಸನ ಹೆಸರಿನಲ್ಲಿ ಎದ್ದಿತ್ತು. ಕ್ರೈಸ್ತ ಸಭೆ ಅದನ್ನು ಒಪ್ಪಲಿಲ್ಲ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ಮೇಲೆ ಬರುವಾಗ ತಂದೆಯ ಧ್ವನಿ ಆಕಾಶದಿಂದ ಕೇಳುತ್ತದೆ, ಆತ್ಮನು ಪಾರಿವಾಳದಂತೆ ಇಳಿದು ಬರುತ್ತಾನೆ. ಗೆತ್ಸೇಮನೆ ತೋಟದಲ್ಲಿ ಮಗ ತಂದೆಯನ್ನು ಬೇಡಿಕೊಳ್ಳುತ್ತಾನೆ. ಇವೆಲ್ಲ ಒಬ್ಬನದೇ ವೇಷಗಳಾಗಿದ್ದರೆ ಆ ಬೇಡಿಕೆ ಬರೀ ನಾಟಕವಾಗುತ್ತಿತ್ತು. ನಾನು ಹೇಳಬೇಕಾದದ್ದು ಇಷ್ಟು: ವಿಶ್ವಾಸಿಗಳು ಮೊದಲು ಪ್ರಾರ್ಥಿಸಿದರು, ಆ ಪ್ರಾರ್ಥನೆ ಸುಳ್ಳಾಗದಂತೆ ಕಾಯಲು ಸಿದ್ಧಾಂತ ಆಮೇಲೆ ಬಂತು.

ಪೌಲ ಕೊರಿಂಥದವರಿಗೆ ಸುಮಾರು ಕ್ರಿ.ಶ. 55ರಲ್ಲಿ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯ ತೆಗೆದು ನೋಡು. ಅಲ್ಲಿರುವುದು ಊಟದ ಪ್ರಶ್ನೆ: ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೋ ಬಾರದೋ? ಪೌಲ ಯೆಹೂದ್ಯ, ದೇವರು ಒಬ್ಬನೇ ಎಂಬ ಧರ್ಮೋಪದೇಶಕಾಂಡದ ಮಾತು ಅವನ ಉಸಿರು. ಉತ್ತರ ಕೊಡುವಾಗ ಅದೇ ಮಾತಿನ ಚೌಕಟ್ಟಿನೊಳಗೆ, ಸಮಸ್ತಕ್ಕೂ ಮೂಲನಾದ ತಂದೆಯನ್ನೂ ಸಮಸ್ತವೂ ಯಾರ ಮೂಲಕ ಉಂಟಾಯಿತೋ ಆ ಕರ್ತನಾದ ಯೇಸುವನ್ನೂ ಜೊತೆಗಿಡುತ್ತಾನೆ. ಇದನ್ನು ವಾದಿಸಿ ಸಾಧಿಸಲು ಹೋಗುವುದೇ ಇಲ್ಲ. ಓದುವವರು ಆಗಲೇ ಒಪ್ಪಿರುವ ಸಂಗತಿಯಂತೆ ಹೇಳಿ, ಮತ್ತೆ ಮಾಂಸದ ವಿಷಯಕ್ಕೆ ಬರುತ್ತಾನೆ. ಶಿಲುಬೆಯ ಘಟನೆ ನಡೆದು ಆಗಿನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಹೊರಗಿನವರ ಸಾಕ್ಷಿಯೂ ಉಂಟು. ಸುಮಾರು 112ರಲ್ಲಿ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ, ಕ್ರೈಸ್ತರು ಬೆಳಕು ಹರಿಯುವ ಮುನ್ನ ಸೇರಿ ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಹಾಡುತ್ತಾರೆಂದು ಚಕ್ರವರ್ತಿ ಟ್ರಾಜನನಿಗೆ ಬರೆದ.

ಹಾಗಾದರೆ 325ರಲ್ಲಿ ನೈಸಿಯದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಇದನ್ನೆಲ್ಲ ಹೇರಿದ ಎನ್ನುತ್ತಾರಲ್ಲ? ಆ ಮಹಾಸಭೆಯನ್ನು ಕರೆದವನು ಅವನೇ, ಅದು ನಿಜ. ಆದರೆ ವಿವಾದ ಹೊತ್ತಿದ್ದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಮಗನೂ ಸೃಷ್ಟಿಯಾದವನೇ, ಅವನಿಲ್ಲದ ಕಾಲವೂ ಇತ್ತು ಎಂದು ಬೋಧಿಸಿದಾಗ. ಸೃಷ್ಟಿಯಾದವನನ್ನು ಪೂಜಿಸಿದರೆ ಅದು ವಿಗ್ರಹಾರಾಧನೆಯಲ್ಲವೇ, ಸೃಷ್ಟಿಯಾದವನು ನಮ್ಮನ್ನು ರಕ್ಷಿಸುವುದಾದರೂ ಹೇಗೆ ಎಂಬುದು ಮುಂದೆ ಅಲೆಕ್ಸಾಂಡ್ರಿಯದ ಬಿಷಪನಾದ ಅಥನೇಷಿಯಸನ ಆಕ್ಷೇಪ. ಮಹಾಸಭೆ ಏರಿಯಸನ ಬೋಧನೆಯನ್ನು ತಳ್ಳಿಹಾಕಿತು. ಅದು ಮುಗಿದ ಮೇಲೆ ಆದದ್ದನ್ನು ಗಮನಿಸು. ಕಾನ್‌ಸ್ಟಂಟೈನನೇ ಏರಿಯಸನ ಕಡೆ ಮೆತ್ತಗಾದ, ಅಥನೇಷಿಯಸನನ್ನು ಗಡೀಪಾರು ಮಾಡಿದ. 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದೂ ಏರಿಯಸನ ಪಕ್ಷದ ಬಿಷಪನ ಕೈಯಿಂದ. ಅವನ ಮಗ ಕಾನ್‌ಸ್ಟಾಂಷಿಯಸನಂತೂ ನೈಸಿಯದ ವಿರೋಧಿಗಳ ಬೆನ್ನಿಗೇ ನಿಂತ. ಅಥನೇಷಿಯಸ್ ಒಟ್ಟು ಐದು ಸಲ ದೇಶಭ್ರಷ್ಟನಾದ. ನೈಸಿಯದ ವಿಶ್ವಾಸ ಪ್ರಮಾಣ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿಯ ಬೆಂಬಲದೊಂದಿಗೇ ಗಟ್ಟಿಯಾಯಿತು, ಅದನ್ನೂ ಮುಚ್ಚಿಡಬೇಕಿಲ್ಲ. ಆದರೆ ಅರಮನೆಯ ಅಪ್ಪಣೆಯೇ ಅದರ ಜೀವವಾಗಿದ್ದರೆ ನಡುವಿನ ದಶಕಗಳಲ್ಲೇ ಸತ್ತುಹೋಗಬೇಕಿತ್ತು. ಅದೇ ಕಾಲದಲ್ಲಿ ಪವಿತ್ರಾತ್ಮನ ಬಗ್ಗೆ ತಕರಾರು ಬಂದಾಗ ಕೈಸರೈಯದ ಬಿಷಪ್ ಬಸಿಲ್ ತೋರಿಸಿದ್ದೂ ದೀಕ್ಷಾಸ್ನಾನವನ್ನೇ: ಮೂವರ ಹೆಸರಿನಲ್ಲಿ ಸ್ನಾನ ಕೊಟ್ಟು, ಸ್ತೋತ್ರ ಹೇಳುವಾಗ ಒಬ್ಬರನ್ನು ಕೆಳಗಿಳಿಸುವುದು ಯಾವ ನ್ಯಾಯ?

ನಮ್ಮ ನಾಡಿನಲ್ಲಿ ಇದನ್ನು ತ್ರಿಮೂರ್ತಿಗಳಿಗೆ ಹೋಲಿಸುವುದು ಸಹಜ. ಆದರೆ ಸೃಷ್ಟಿ, ಸ್ಥಿತಿ, ಲಯವನ್ನು ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಹಂಚಿ ಹೇಳುವ ರೀತಿ ಇಲ್ಲಿಯದಲ್ಲ. ಬಸಿಲನ ತಮ್ಮ, ನಿಸ್ಸದ ಗ್ರೆಗರಿ, ಮೂರು ದೇವರುಗಳಿಲ್ಲ ಎಂದು ವಿವರಿಸುವಾಗ ಹಿಡಿದ ದಾರಿ ಬೇರೆ. ಮೂವರು ಮನುಷ್ಯರಾದರೆ ತಂತಮ್ಮ ಕೆಲಸ ತಾವು ಬೇರೆಬೇರೆಯಾಗಿ ಮಾಡುತ್ತಾರೆ. ದೇವರಲ್ಲಿ ಪ್ರತಿಯೊಂದು ಕ್ರಿಯೆಯೂ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣವಾಗುವ ಒಂದೇ ಕ್ರಿಯೆ. ಒಂದು ಕೂಡಿಸು ಒಂದು ಕೂಡಿಸು ಒಂದು ಎಂಬ ಲೆಕ್ಕ ಬೇರೆಬೇರೆ ನಿಂತ ವಸ್ತುಗಳಿಗೆ ಸಲ್ಲುತ್ತದೆ. ಇಷ್ಟರಿಂದ ದೇವರ ಒಳಗುಟ್ಟು ಬಯಲಾಯಿತೆಂದು ನಾನು ಹೇಳಲಾರೆ. ವಿರೋಧಾಭಾಸವೆಂಬ ಆರೋಪ ಮಾತ್ರ ನಿಲ್ಲುವುದಿಲ್ಲ.

ವಾದಕ್ಕೆ ಕೂತಾಗ ಒಂದು ಎಚ್ಚರ. ಯೋಹಾನನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಪರಲೋಕದ ಮೂವರು ಸಾಕ್ಷಿಗಳ ಮಾತು ಕೆಲವು ಹಳೆಯ ಅನುವಾದಗಳಲ್ಲಿದೆ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ಎರಾಸ್ಮಸ್ 1516ರ ಮುದ್ರಣದಲ್ಲಿ ಬಿಟ್ಟಿದ್ದನ್ನು 1522ರಲ್ಲಿ ಸೇರಿಸಿದ. ಆ ವಾಕ್ಯವನ್ನು ಆಧಾರವಾಗಿ ಎತ್ತಬೇಡ. ಸತ್ಯಕ್ಕಾಗಿ ವಾದಿಸುವವರು ಸಂಶಯದ ಸಾಕ್ಷಿ ತರಬಾರದು, ಅದರ ಅಗತ್ಯವೂ ಇಲ್ಲ. ಬದಲಿಗೆ ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ಒಂದೇ ಪಟ್ಟಿಗೆ ಕೂತು ಓದು. ಏನು ಬೇಡಬೇಕೆಂದು ತಿಳಿಯದವರ ಒಳಗೆ ಆತ್ಮನು ನರಳುತ್ತ ಬೇಡುತ್ತಾನೆ, ಕ್ರಿಸ್ತನು ದೇವರ ಬಲಗಡೆಯಲ್ಲಿದ್ದು ಅವರಿಗಾಗಿ ಬೇಡುತ್ತಾನೆ, ಅವರು ಅಪ್ಪಾ ಎಂದು ಕೂಗುವುದು ತಂದೆಯನ್ನು. ಓದಿ ಮುಗಿಸಿದ ಮೇಲೆ ನಿನ್ನ ಗೆಳೆಯರ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೋ.

ನಿನ್ನ ಹಿತೈಷಿ