ಫರಸಿ ಮನೆಯ ತೇವ: ಮೊದಲು ಮೂಲ ಹುಡುಕಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹಳೆಯ ಮನೆಗಳಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲಕ್ಕೂ ಶಹಾಬಾದ ಕಲ್ಲೇ. ಈ ಸುಣ್ಣದ ಕಲ್ಲು ಗಟ್ಟಿಯೇನೋ ಹೌದು, ಆದರೆ ಸಂದಿಗಳಲ್ಲಿ ನೀರು ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಮನೆ ಪೂರ್ತಿ ನೋಡಿ.

ನೆಲಕ್ಕೆ ಹಾಸಿದ ಕಲ್ಲನ್ನು, ಅಂದರೆ ಫರಸಿಯನ್ನು, ನಾಣ್ಯದಿಂದ ಮೆಲ್ಲಗೆ ಬಡಿಯಿರಿ. ಟಣ್ ಎಂದರೆ ಸರಿ. ಡಬ್ ಎಂದರೆ ಅಡಿಯಲ್ಲಿ ಪೊಳ್ಳಾಗಿದೆ. ಆದರೆ ಪೊಳ್ಳಿದ್ದಲ್ಲೆಲ್ಲ ತೇವ ಇರಬೇಕೆಂದಿಲ್ಲ. ಅದನ್ನು ತಿಳಿಯಲು ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, 24 ತಾಸು ಬಿಡಿ. ಹಾಳೆಯ ಕೆಳಬದಿಗೆ ಹನಿ ಕೂತರೆ ನೀರು ನೆಲದಿಂದ ಏರುತ್ತಿದೆ. ಮೇಲ್ಬದಿಗೆ ಕೂತರೆ ಅದು ಗಾಳಿಯ ತೇವ.

ಗೋಡೆ ಬುಡದ ಬಿಳಿ ಹುಡಿ ನೀರಿನೊಂದಿಗೆ ಬಂದ ಉಪ್ಪು. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆಯಬೇಡಿ.

ಸಿಮೆಂಟು ನಮ್ಮೂರಲ್ಲೇ ಆಗುತ್ತದೆಂದು ಒದ್ದೆ ಗೋಡೆಗೆ ಗಿಲಾವು ಮಾಡಿಸಬೇಡಿ. ತೇವ ಒಳಗೇ ಉಳಿದು ಇನ್ನಷ್ಟು ಮೇಲೇರುತ್ತದೆ. ಮೊದಲು ಮಾಳಿಗೆಯ ಸಂದಿ, ನೀರು ಹೋಗುವ ಕೊಳವೆ, ಹೊರಗಿನ ಇಳಿಜಾರು ಸರಿಪಡಿಸಿ. ಏಪ್ರಿಲ್-ಮೇ ಬಿಸಿಲಿಗೆ ಗೋಡೆ ಒಣಗಲಿ, ಗಿಲಾವು ಆಮೇಲೆ.